ಯುಗಾದಿ ಕಳೆಯಿತು, ಹಿತ್ತಲು ಹಾಗೇ ಇದೆ: ಒಣ ಎಲೆಯ ದರಗು ಸುಟ್ಟು ತರಕಾರಿ ಹಾಕಬಹುದಾ?

ಓದುಗರ ಪ್ರಶ್ನೆ: "ಅಡಿಕೆ ಕೆಲಸ, ಮದುವೆ ಮನೆ ಅಂತ ಈ ಸಲ ಹಿತ್ತಲ ಕಡೆ ತಲೆ ಹಾಕೋಕೇ ಆಗಲಿಲ್ಲ. ಈಗ ದರಗೆಲ್ಲ ಗುಡಿಸಿ ಸುಟ್ಟು, ಆ ಬೂದಿ ಮಣ್ಣಿಗೆ ಸೇರಿಸಿ ತರಕಾರಿ ಹಾಕಬಹುದಾ? ಅಥವಾ ತಡವಾಯ್ತಾ?"

ತಡವಾಗಿಲ್ಲ. ಸುಡಬೇಡಿ.

ಪ್ರತಿ ವರ್ಷ ಇದೇ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಎರಡು ಮಾತು ಹೇಳುತ್ತೇನೆ. ಮೊದಲನೆಯದನ್ನು ಎಲ್ಲರೂ ಖುಷಿಯಾಗಿ ಒಪ್ಪಿಕೊಳ್ಳುತ್ತಾರೆ. ಎರಡನೆಯದಕ್ಕೂ ತಲೆ ಆಡಿಸುತ್ತಾರೆ, ಆಮೇಲೆ ಬೆಂಕಿಪೊಟ್ಟಣ ಹುಡುಕುತ್ತಾರೆ.

ತಡದ ವಿಷಯ ಬೇಗ ಮುಗಿಸೋಣ. ಮಲೆನಾಡಿಗೆ ಮಳೆಗಾಲ ಹಿಡಿಯುವುದು ಜೂನ್ ಮೊದಲ ಅಥವಾ ಎರಡನೇ ವಾರ. ಅಲ್ಲಿಂದ ಹಿಂದಕ್ಕೆ ಎಣಿಸಿ. ಬಾವಿಯಲ್ಲಿ ನೀರಿದ್ದರೆ ಹರಿವೆ ಈಗಲೇ ಹಾಕಿ, 25–30 ದಿನಕ್ಕೆ ಕೀಳಬಹುದು. ಬೆಂಡೆ 45–50 ದಿನಕ್ಕೆ ಕಾಯಿ ಬಿಡುತ್ತದೆ, ಆದ್ದರಿಂದ ಅದನ್ನು ಇನ್ನು ಮುಂದೂಡಬೇಡಿ. ಸೌತೆ, ಅಲಸಂದೆಗೂ ಇದೇ ಲೆಕ್ಕ. ಟೊಮೆಟೊ ಬೀಜ ಈಗ ಹಾಕಿದರೆ ಹಣ್ಣಾಗುವ ಹೊತ್ತಿಗೆ ಆಷಾಢದ ಮಳೆ ಸುರಿಯುತ್ತಿರುತ್ತದೆ, ಅದನ್ನು ಬಿಡಿ. ಅರಿಶಿನ, ಸುವರ್ಣಗೆಡ್ಡೆ, ಕೆಸುವಿಗೆ ಏಪ್ರಿಲ್ ಕೊನೆಯ ಭರಣಿ ಮಳೆ ಸಾಕು. ಹೀರೆ, ಹಾಗಲ, ಪಡವಲದ ಬೀಜ ಹಾಕುವುದು ಹೇಗಿದ್ದರೂ ಮೇ ಕೊನೆಗೆ. ಈಗ ಗುಂಡಿ ತೆಗೆದು, ಗೊಬ್ಬರ ಹಾಕಿ ಬಿಟ್ಟರಾಯಿತು. ಅಂದರೆ ನೀವು ಕಳೆದುಕೊಂಡಿದ್ದು ಬೇಸಿಗೆಯ ಒಂದು ಬೆಳೆ, ಅಷ್ಟೇ.

ಇನ್ನು ಬೆಂಕಿಯ ವಿಷಯ.

"ಸುಟ್ಟರೆ ಬೂದಿ ಸಿಗುತ್ತಲ್ಲ, ಬೂದಿ ಒಳ್ಳೇ ಗೊಬ್ಬರ ಅಲ್ವಾ?" ಬೂದಿ ಗೊಬ್ಬರ ಹೌದು. ಅದರಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ. ಆದರೆ ಸೊಪ್ಪು ಸೊಂಪಾಗಿ ಬೆಳೆಯಲು ಬೇಕಾದ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯಲ್ಲಿ ಹೋಗಿರುತ್ತದೆ. ಮಣ್ಣನ್ನು ಸಡಿಲವಾಗಿ, ತಂಪಾಗಿ ಇಡುವ ಇಂಗಾಲವೂ ಹಾಗೇ. ಉಳಿದ ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು. ನಾಲ್ಕು ಜೋರು ಮಳೆ ಬಿದ್ದರೆ ಅದರಲ್ಲಿ ಎಷ್ಟೋ ಪಾಲು ಚರಂಡಿ ಸೇರುತ್ತದೆ.

"ನಮ್ಮ ಮಣ್ಣು ಹುಳಿ ಮಣ್ಣು, ಅದಕ್ಕೆ ಬೂದಿ ಬೇಕು" ಎನ್ನುವವರಿದ್ದಾರೆ. ಸರಿಯಾದ ಮಾತೇ. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ, ಬೂದಿ ಅದನ್ನು ಸ್ವಲ್ಪ ಸರಿಮಾಡುತ್ತದೆ. ಆದರೆ ಸ್ವಾಮಿ, ನಿಮ್ಮ ಬಚ್ಚಲೊಲೆ ಇರುವುದು ಯಾಕೆ? ವರ್ಷವಿಡೀ ನೀರು ಕಾಯಿಸಿದ ಬೂದಿ ಅಲ್ಲೇ ಗುಡ್ಡೆ ಬಿದ್ದಿದೆ. ಸಣ್ಣ ಹಿತ್ತಲಿಗೆ ಅದೇ ಜಾಸ್ತಿ. ಅದನ್ನೂ ಹಸಿ ಸಗಣಿ ಗೊಬ್ಬರದ ಜೊತೆ ಕಲಸಬೇಡಿ. ಕಲಸಿದಾಗ ಮೂಗಿಗೆ ರಪ್ಪಂತ ಹೊಡೆಯುವ ವಾಸನೆ ಬರುತ್ತದಲ್ಲ, ಅದು ಅಮೋನಿಯಾ. ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತಿದೆ ಎಂದರ್ಥ. ಮೊದಲು ಗೊಬ್ಬರ ಮಣ್ಣಿಗೆ ಸೇರಲಿ, ಬೂದಿ ಎರಡು ವಾರ ಬಿಟ್ಟು ಸಾಕು.

ಮುಂದಿನ ವಾದ: "ಸುಟ್ಟ ಜಾಗದಲ್ಲಿ ಹಾಕಿದ ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ಎಷ್ಟು ಚೆನ್ನಾಗಿ ಬಂತು ಗೊತ್ತಾ?" ಬಂದಿರುತ್ತದೆ. ಕಳೆ ಬೀಜ ಸುಟ್ಟಿರುತ್ತದೆ, ಹುಳಿ ಕಡಿಮೆಯಾಗಿರುತ್ತದೆ, ಬೂದಿಯಲ್ಲಿದ್ದದ್ದು ಒಮ್ಮೆಲೇ ಬೇರಿಗೆ ಸಿಕ್ಕಿರುತ್ತದೆ. ಅದು ಒಂದು ಬೆಳೆಯ ಮಾತು. ಈ ನಂಬಿಕೆ ಸಾಯದೇ ಉಳಿದಿರುವುದೂ ಆ ಒಂದು ಬೆಳೆಯಿಂದಲೇ.

ಇನ್ನೊಂದು, "ದರಗು ಬಿಟ್ಟರೆ ಗೆದ್ದಲು ಬರುತ್ತೆ." ಗೆದ್ದಲು ತಿನ್ನುವುದು ಹೆಚ್ಚಾಗಿ ಸತ್ತ, ಒಣಗಿದ ವಸ್ತುವನ್ನು. ನೆಲದ ಮೇಲೆ ಏನನ್ನೂ ಉಳಿಸದೆ ಗುಡಿಸಿ ಸುಟ್ಟರೆ ಅದಕ್ಕೆ ಉಳಿಯುವುದು ನೀರಿಲ್ಲದೆ ಬಾಡಿದ ನಿಮ್ಮ ಗಿಡದ ಬುಡ. ಭಯವಿದ್ದರೆ ಬುಡದಿಂದ ಒಂದು ಗೇಣು ದೂರ ಬಿಟ್ಟು ದರಗು ಹಾಸಿ.

ನಂಬಿಕೆ ಬರದಿದ್ದರೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಹಲಸಿನ ಮರದ ಬುಡಕ್ಕೆ ಹೋಗಿ. ಯಾರೂ ಕೆದಕದ ದರಗಿನ ಒಳಗೆ ಕೋಲು ತೂರಿಸಿ ಮೇಲಕ್ಕೆತ್ತಿ. ಮೇಲಿನ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಅದರ ಕೆಳಗಿನದು ಮೆತ್ತಗೆ, ಕಪ್ಪಗೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದರ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ, ಅದಕ್ಕೂ ಕೆಳಗೆ ಬೆರಳು ಇಳಿಯುವಷ್ಟು ಮೆದು ಮಣ್ಣು. ಈಗ ಸುಟ್ಟ ಜಾಗದಲ್ಲಿ ಅದೇ ಬೆರಳು ಒತ್ತಿ ನೋಡಿ.

ತಮಾಷೆ ಏನೆಂದರೆ, ಇದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಿಲ್ಲ. ಅಡಿಕೆ ಮರದ ಬುಡಕ್ಕೆ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತರುತ್ತೇವೆ. ಕೊಟ್ಟಿಗೆಗೆ ಹಾಸಲು ಹೆಡಿಗೆಗಟ್ಟಲೆ ದರಗು ಒಟ್ಟುತ್ತೇವೆ. ಅದೇ ಮನುಷ್ಯ ಮನೆ ಹಿಂದಿನ ದರಗಿಗೆ ಬೆಂಕಿ ಇಟ್ಟು ಸಾಗರದ ಪೇಟೆಯಿಂದ ಗೊಬ್ಬರದ ಚೀಲ ತರುತ್ತಾನೆ!

ಸುಡಲೇಬೇಕಾದ್ದು ಒಂದಿದೆ: ರೋಗದ ಗಿಡ. ಸೊರಗು ರೋಗ ಬಂದು ನಿಂತಲ್ಲೇ ಬಾಡಿದ ಬದನೆ, ಎಲೆಯ ನರ ಹಳದಿಯಾದ ಬೆಂಡೆ. ಇವನ್ನು ಬೇರು ಸಮೇತ ಕಿತ್ತು ಸುಡಿ. ಹಳದಿ ನಂಜು ಪ್ರತಿ ಸಲ ಕಾಡುತ್ತಿದ್ದರೆ ಬೆಂಡೆಯಲ್ಲಿ ಅರ್ಕಾ ಅನಾಮಿಕಾ ತಳಿ ಹಾಕಿ ನೋಡಿ, ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ರೋಗ ತಡೆಯಲೆಂದೇ ಬಿಡುಗಡೆ ಮಾಡಿದ್ದು.

ಉಳಿದ ದರಗನ್ನು ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ಹಾಸಿ. ನೀರು ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತದೆ. ಮಳೆ ಹಿಡಿದ ಮೇಲೆ ಮಾತ್ರ ಎಳೆ ಗಿಡಗಳ ಸುತ್ತ ಸರಿಸಿಬಿಡಿ, ಇಲ್ಲದಿದ್ದರೆ ಬಸವನಹುಳು ಅದರಡಿಯೇ ಸಂಸಾರ ಹೂಡಿ ರಾತ್ರಿ ಸಸಿ ಮೇಯುತ್ತದೆ.

ಹಿತ್ತಲಿನ ದರಗು ಸಾಲದು, ಕಾಡಿನಿಂದ ತರಬಹುದಾ? ಇದನ್ನು ಯಾರೂ ಕೇಳಲಿಲ್ಲ. ಕೇಳದೇ ಹೋಗುತ್ತಾರೆ, ಅದೇ ಭಯ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಇದೇ ಕಾಯಿಲೆಗೆ ಹಲವರು ಸತ್ತಿದ್ದು ನಿಮಗೆ ನೆನಪಿರಬೇಕು. ರೋಗ ಹರಡುವ ಮರಿ ಉಣುಗು ತೀರಾ ಚಿಕ್ಕದು, ಕಣ್ಣಿಗೆ ಬೀಳುವುದೇ ಕಷ್ಟ. ಅದು ಕಾಡಿನ ದರಗಿನಲ್ಲಿ ಹೆಚ್ಚಾಗಿ ಓಡಾಡುವುದು ನವೆಂಬರಿನಿಂದ ಮೇವರೆಗೆ. ನಾವು ದರಗು ತರಲು ಹೋಗುವ ಹೊತ್ತೂ ಅದೇ.

ಹಾಗಾಗಿ ಕಾಯಿಲೆ ಕಾಣಿಸಿಕೊಂಡ ಊರಿನ ಕಾಡಿನಿಂದ ದರಗು ತರಲೇಬೇಡಿ. ಬೇರೆ ಕಡೆಯೂ ಹೋಗಲೇಬೇಕಾದರೆ ತುಂಬು ತೋಳಿನ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರಬೇಡಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರು ಕೇಳುವ ಮೊದಲೇ ಹೇಳಿ, ದರಗು ತರಲು ಕಾಡಿಗೆ ಹೋಗಿದ್ದೆ ಎಂದು.