‘ಆಕ್ಸೆಸಿಬಿಲಿಟಿ ರೆಡಿ’ ಅಂದರೆ ಏನು ರೆಡಿ?

ಕಲಬುರಗಿಯ ಒಂದು ದಾಲ್ ಮಿಲ್‌ಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ರೆಡಿಮೇಡ್ ಟೆಂಪ್ಲೇಟ್, ತಿಳಿ ಬೂದು ಅಕ್ಷರ, ದೊಡ್ಡ ದೊಡ್ಡ ಫೋಟೊ. ಸಾಹುಕಾರರಿಗೂ ಖುಷಿ, ನನಗೂ ಖುಷಿ. ಆಮೇಲೆ ಕಣ್ಣು ಕಾಣದ ನನ್ನ ಗೆಳೆಯ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದ. ಅವನು ಬಳಸುವುದು ಎನ್‌ವಿಡಿಎ. ಪರದೆ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದು, ಕಾಸು ಕೊಡಬೇಕಿಲ್ಲ. ನನ್ನ ಸೈಟನ್ನು ಅದು ಓದಿದ್ದು ಹೀಗೆ: “ಲಿಂಕ್. ಲಿಂಕ್. ಬಟನ್. ಗ್ರಾಫಿಕ್, ಐಎಂಜಿ ಅಂಡರ್‌ಸ್ಕೋರ್ 2041.” ಸ್ವಲ್ಪ ಹೊತ್ತು ಕೇಳಿ ಗೆಳೆಯ ಕೇಳಿದ, “ಇದೇನ್ ಹೇಳ್ಲತ್ತದಪಾ? ಬ್ಯಾಳಿ ಎಲ್ಲದ?”

ಅವತ್ತು ರಾತ್ರಿ ಹುಡುಕುವಾಗ ಸಿಕ್ಕ ಪದ ‘ಆಕ್ಸೆಸಿಬಿಲಿಟಿ ರೆಡಿ’. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಟೆಂಪ್ಲೇಟಿಗೆ ಥೀಮ್ ಅನ್ನುತ್ತಾರೆ. ಅದರ ಥೀಮ್ ಸಂಗ್ರಹದಲ್ಲಿ ಕೆಲವು ಥೀಮ್‌ಗಳಿಗೆ ಮಾತ್ರ ಈ ಟ್ಯಾಗ್, ಅಂದರೆ ಗುರುತಿನ ಚೀಟಿ, ಇರುತ್ತದೆ.

ಮೊದಲ ಅರ್ಧ ನೋಡೋಣ. ಆಕ್ಸೆಸಿಬಿಲಿಟಿಗೆ ಸರ್ಕಾರದವರ ಪದ ‘ಸುಗಮ್ಯ’. 2015ರಲ್ಲಿ ಶುರುವಾದ ಸುಗಮ್ಯ ಭಾರತ ಅಭಿಯಾನದಿಂದ ಅದು ಬಳಕೆಗೆ ಬಂತು. ನನಗೇಕೋ ‘ಎಟುಕುವುದು’ ಅನ್ನೋದೇ ಇಷ್ಟ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ಎಟುಕಬೇಕು, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದನ್ನು ಕೇಳುತ್ತದೆ.

ಟೆಂಪ್ಲೇಟ್ ಅಂದರೆ ಲಗ್ನಪತ್ರಿಕೆಯ ಡಿಸೈನ್ ಇದ್ದ ಹಾಗೆ. ಪ್ರಿಂಟಿಂಗ್ ಪ್ರೆಸ್‌ನವರ ಹತ್ತಿರ ನಮೂನೆ ತಯಾರಿರುತ್ತದೆ, ವಧು-ವರರ ಹೆಸರು, ತಾರೀಖು ಬದಲಾಗುತ್ತದೆ. ನಮೂನೆಯಲ್ಲೇ ಒಂದು ಒತ್ತಕ್ಷರ ತಪ್ಪಿದ್ದರೆ? ಆ ಸೀಸನ್ನಿನ ಎಲ್ಲ ಮದುವೆಗಳಿಗೂ ಅದೇ ತಪ್ಪು. ಟೆಂಪ್ಲೇಟ್ ಮಾಡುವವರು ಒಂದು ಸಾಲು ಸರಿ ಬರೆದರೆ ಅದನ್ನು ಕೊಂಡ ಸಾವಿರ ಅಂಗಡಿಗಳ ಸೈಟೂ ಸರಿ.

ಆ ಸಾಲುಗಳು ಯಾವುವು? ಕೀಬೋರ್ಡ್‌ನಿಂದ ಹಿಡಿಯಿರಿ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ. ನೀವು ಯಾವ ಲಿಂಕ್ ಮೇಲಿದ್ದೀರಿ ಅಂತ ತೋರಿಸುವ ಗೆರೆಯೊಂದು ಕಾಣಬೇಕು. ಎಷ್ಟೋ ಡಿಸೈನರ್‌ಗಳು ಅದು ಚೆಂದ ಕಾಣಲ್ಲ ಅಂತ ಕೋಡ್‌ನಲ್ಲೇ ಅಳಿಸಿಬಿಡುತ್ತಾರೆ. ನನ್ನ ಟೆಂಪ್ಲೇಟಿನಲ್ಲೂ ಅಳಿಸಿದ್ದರು. ಮೆನು ಬೇರೆ, ಮೌಸ್ ಮೇಲಿಟ್ಟರೆ ಮಾತ್ರ ತೆರೆಯುತ್ತಿತ್ತು. ಪ್ರತಿ ಪುಟದಲ್ಲೂ ಅದೇ ಮೆನು ಪೂರ್ತಿ ಕೇಳಿಸಿಕೊಳ್ಳುವ ಕಾಟ ತಪ್ಪಿಸಲು ‘ನೇರ ವಿಷಯಕ್ಕೆ ಹೋಗಿ’ ಎಂಬ ಲಿಂಕ್ ಎಲ್ಲಕ್ಕಿಂತ ಮೊದಲು ಇರಬೇಕು. ಟ್ಯಾಗ್ ಸಿಗಬೇಕಾದರೆ ಇವೆಲ್ಲ ಇರಲೇಬೇಕು.

ಬಣ್ಣದ ಲೆಕ್ಕ ಇನ್ನೂ ಮಜವಾಗಿದೆ. ವೆಬ್‌ಸೈಟ್ ಎಲ್ಲರಿಗೂ ಎಟುಕುವಂತೆ ಮಾಡಲು ಇರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರ ಆವೃತ್ತಿಯಿಂದಲೂ ಹೇಳುವುದು ಇದು: ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ವ್ಯತ್ಯಾಸ, ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿ ಮೇಲೆ 777777 ಅನ್ನುವ ಕೋಡ್‌ನ ಬೂದು ಬಣ್ಣ ಹಾಕಿದರೆ 4.48 ಬರುತ್ತದೆ, ಫೇಲ್. 767676 ಹಾಕಿ, 4.54, ಪಾಸ್. ಕಣ್ಣಿಗೆ ಎರಡೂ ಒಂದೇ! ನನ್ನದು 999999 ಇತ್ತು, 3 ಕೂಡ ದಾಟಲಿಲ್ಲ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್‌ ರಸ್ತೆಯಲ್ಲಿ ನಿಂತು ಫೋನಿನಲ್ಲಿ ಆ ಸೈಟ್ ತೆರೆದು ನೋಡಿದ್ದರೆ ಸಾಕಿತ್ತು, ನನಗೇ ಗೊತ್ತಾಗುತ್ತಿತ್ತು.

ನಮ್ಮ ಭಾಷೆಯ ತೊಂದರೆ ಬೇರೆಯೇ ಇದೆ. ಈ ಪುಟ ಯಾವ ಭಾಷೆಯದು ಅಂತ ಟೆಂಪ್ಲೇಟಿನ ಕೋಡ್ ಹೇಳಬೇಕು. ಕೆಲವದರಲ್ಲಿ ‘ಇಂಗ್ಲಿಷ್’ ಅಂತ ಗಟ್ಟಿಯಾಗಿ ಬರೆದುಬಿಟ್ಟಿರುತ್ತಾರೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿ ಇಟ್ಟುಕೊಂಡೇ ಕನ್ನಡದ ಮುಂದೆ ಒದ್ದಾಡುತ್ತದೆ. ಎನ್‌ವಿಡಿಎ ಜೊತೆಗೆ ಬರುವ, ದನಿ ಕೊಡುವ ಇಸ್ಪೀಕ್ ಎಂಬ ತಂತ್ರಾಂಶಕ್ಕೆ ಕನ್ನಡ ಬರುತ್ತದೆ, ಆದರೆ ಪುಟವೇ ಹೇಳದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಇದಕ್ಕಿಂತ ಕೆಟ್ಟದ್ದು ಇಂಗ್ಲಿಷ್ ಅಕ್ಷರಗಳ ಕೋಡ್ ಮೇಲೆ ಕನ್ನಡದ ರೂಪ ತೊಡಿಸಿದ ಹಳೇ ಆಸ್ಕಿ ನುಡಿ ಫಾಂಟ್. ಪರದೆ ಮೇಲೆ ‘ಕನ್ನಡ’ ಅಂತ ಮುದ್ದಾಗಿ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು. ಗೆಳೆಯನ ಕಿವಿಗೆ ಬೀಳುವುದು ಅದೇ. ಕನ್ನಡದ ಅಕ್ಷರಕ್ಕೆ ಅದರದ್ದೇ ಕೋಡ್ ಇರುವ ಯೂನಿಕೋಡ್ ಬಿಟ್ಟರೆ ಇದಕ್ಕೆ ಬೇರೆ ಔಷಧಿ ಇಲ್ಲ.

(ಗಾಲಿಕುರ್ಚಿ ಚಿತ್ರದ ಗುಂಡಿಯೊಂದನ್ನು ಮೂಲೆಯಲ್ಲಿ ಕೂರಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಮಾರುವವರೂ ಇದ್ದಾರೆ. ನಾನಂತೂ ಹಾಕಲ್ಲ. ಒಳಗಿನ ಕೋಡ್ ಹಾಗೇ ಉಳಿಯುತ್ತದೆ.)

ಈಗ ‘ರೆಡಿ’. ಗಮನಿಸಿ, ‘ಆಕ್ಸೆಸಿಬಲ್’ ಅಂತ ಇಲ್ಲ, ‘ರೆಡಿ’ ಅಂತಿದೆ. ಒಲೆ ರೆಡಿ, ಅಡುಗೆ ನಿಮ್ಮದು. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಕಾಣದವರಿಗಾಗಿ ಬರೆಯುವ ಒಂದು ಸಾಲು, ಅದನ್ನು ಬರೆಯುವ ಜಾಗವನ್ನು ಟೆಂಪ್ಲೇಟ್ ಕೊಡುತ್ತದೆ. ಬರೆಯುವವರು ನಾವು. ಐಎಂಜಿ 2041 ಅಂತ ಓದಿದ್ದ ಫೋಟೊ ಈಗ ‘ಕಲಬುರಗಿ ತೊಗರಿ ಬೇಳೆ, 1 ಕೆಜಿ ಪ್ಯಾಕೆಟ್’. ಸುಮ್ನೆ ಅಂದಕ್ಕೆ ಹಾಕಿದ ಬಳ್ಳಿ ಚಿತ್ರಕ್ಕೆ ಆ ಜಾಗ ಖಾಲಿ ಬಿಟ್ಟೆ. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ.

ಹೊಸ ಟೆಂಪ್ಲೇಟ್ ಹಾಕಿ ಗೆಳೆಯನಿಗೆ ಮತ್ತೆ ತೋರಿಸಿದೆ. ಮೆನು ಸಿಕ್ಕಿತು, ಬೇಳೆಯೂ ಸಿಕ್ಕಿತು. “ರೇಟ್ ಎಷ್ಟದ?” ಅಂದ. ರೇಟ್ ಇತ್ತು, ಆದರೆ ಸಾಹುಕಾರರು ದಿನಾ ವಾಟ್ಸಾಪ್‌ನಲ್ಲಿ ಕಳಿಸುವ ಫೋಟೊದೊಳಗೆ ಇತ್ತು. ನಾನು ಅದನ್ನೇ ಎತ್ತಿ ಹಾಕುತ್ತಿದ್ದೆ. ಈಗ ಫೋಟೊ ಬಂದ ಕೂಡಲೇ ಕೂತು ಟೈಪ್ ಮಾಡುತ್ತೇನೆ, ಎರಡು ನಿಮಿಷದ ಕೆಲಸ.