ಪದ ಪರಿಚಯ: ಕಂಚಿನ ಯುಗ

ಶಿಲಾಯುಗ, ಕಂಚಿನ ಯುಗ, ಕಬ್ಬಿಣ ಯುಗ ಎಂಬ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡದವರು ಕಡಿಮೆ. ಈ ಸಾಲನ್ನು ಹಾಕಿಕೊಟ್ಟವನು ಡೆನ್ಮಾರ್ಕಿನ ಕ್ರಿಶ್ಚಿಯನ್ ಥಾಮ್ಸನ್. ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿ ಸೇರಿದ್ದ ಹಳೆಯ ಕೊಡಲಿ, ಕತ್ತಿ, ಆಭರಣಗಳನ್ನು ಯಾವ ಕ್ರಮದಲ್ಲಿ ಜೋಡಿಸಿಡುವುದು ಎಂಬ ತೊಡಕು ಅವನ ಮುಂದಿತ್ತು. ಆಯುಧ, ಉಪಕರಣಗಳನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಅವನು ವಿಂಗಡಿಸಿದ. 1836ರಲ್ಲಿ ಅಚ್ಚಾದ ಮಾರ್ಗದರ್ಶಿ ಪುಸ್ತಕದ ಮೂಲಕ ಆ ಹೆಸರುಗಳು ಹಬ್ಬಿದವು. ಹೀಗೆ ಕಪಾಟು ಜೋಡಿಸಲು ಹುಟ್ಟಿದ ಪದವನ್ನು ಇಡೀ ಜಗತ್ತಿನ ಕಾಲಸೂಚಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮೆಸೊಪೊಟೇಮಿಯಕ್ಕೆ ಕಂಚಿನ ಯುಗ ಕ್ರಿ.ಪೂ. 3000ದ ಆಸುಪಾಸಿನಲ್ಲಿ ಬಂದರೆ ಬ್ರಿಟನ್ನಿಗೆ ಬಂದದ್ದು ಕ್ರಿ.ಪೂ. 2200ರ ಸುಮಾರಿಗೆ. ಕೆಲವು ನಾಡುಗಳಿಗೆ ಅದು ಬರಲೇ ಇಲ್ಲ.

ಮೊದಲು ಲೋಹದ ವಿಚಾರ. ತಾಮ್ರಕ್ಕೆ ತವರ ಬೆರೆಸಿದರೆ ಕಂಚು, ಸತು ಬೆರೆಸಿದರೆ ಹಿತ್ತಾಳೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಒಳಮೈಗೆ ಸವರುವ ಬೆಳ್ಳನೆಯ ಲೋಹವೇ ಈ ತವರ. ಉಪಕರಣದ ಕಂಚಿಗೆ ನೂರಕ್ಕೆ ಹತ್ತು ಪಾಲು ತವರ ಸಾಕು. ಗಂಟೆ, ಜಾಗಟೆಗಳಿಗಾದರೆ ಇಪ್ಪತ್ತರ ಮೇಲೂ ಹಾಕುತ್ತಾರೆ, ನಾದ ಬರುವುದು ಅದರಿಂದಲೇ. ಶುದ್ಧ ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಕ ಹೊಯ್ದರೆ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ, ಕೊಡಲಿ ಮಾಡಿದರೆ ಅಲಗು ಬೇಗ ಮಡಿಚಿಕೊಳ್ಳುತ್ತದೆ. ತವರ ಸೇರಿದಾಗ ಕರಗುವ ಉಷ್ಣತೆ ಇಳಿಯುತ್ತದೆ, ದ್ರವ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ತವರದ ಪರಮಾಣುಗಳು ತಾಮ್ರದ ಪರಮಾಣುಗಳಿಗಿಂತ ದೊಡ್ಡವು. ಅವು ನಡುನಡುವೆ ಸಿಕ್ಕಿಕೊಂಡು, ತಾಮ್ರದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಕಂಚಿನ ಗಡಸುತನದ ಗುಟ್ಟು ಇಷ್ಟೇ.

ಮನುಷ್ಯ ಈ ಬೆರಕೆಯವರೆಗೆ ಬರಲು ಸಾವಿರಾರು ವರ್ಷ ಹಿಡಿಯಿತು. ಇಂದಿನ ಟರ್ಕಿಯ ಚಾಯೊನು ಎಂಬಲ್ಲಿ ಕ್ರಿ.ಪೂ. 8000ದಷ್ಟು ಹಿಂದೆಯೇ ನೆಲದಲ್ಲಿ ಸಿಗುವ ಗಟ್ಟಿ ತಾಮ್ರವನ್ನು ಬಡಿದು ಮಣಿ, ದಬ್ಬಳಗಳನ್ನು ಮಾಡುತ್ತಿದ್ದರು. ಅದು ಇನ್ನೂ ಕಲ್ಲು ಕುಟ್ಟುವ ಕೆಲಸದ ಮುಂದುವರಿಕೆ. ನಿಜವಾದ ತಿರುವು ಬಂದದ್ದು ಅದಿರಿನಿಂದ ಲೋಹ ತೆಗೆಯಲು ಕಲಿತಾಗ. ಅದರ ತೀರಾ ಹಳೆಯ ಕುರುಹುಗಳಲ್ಲೊಂದು ಸರ್ಬಿಯಾದ ಬೆಲೊವೊಡೆಯಲ್ಲಿ ಸಿಕ್ಕಿದೆ, ಕ್ರಿ.ಪೂ. 5000ದ ಸುಮಾರಿನದು. ಮ್ಯಾಲಕೈಟ್ ಎಂಬ ಹಸಿರು ಕಲ್ಲನ್ನು ಸುಮ್ಮನೆ ಬೆಂಕಿಗೆ ಹಾಕಿದರೆ ಅದು ಕಪ್ಪು ಪುಡಿಯಾಗುತ್ತದೆ, ತಾಮ್ರವಾಗುವುದಿಲ್ಲ. ಇದ್ದಿಲಿನ ನಡುವೆ ಹುದುಗಿಸಿ, ಊದುಕೊಳವೆಯಿಂದ ಗಾಳಿ ಊದಿ ಶಾಖ ಏರಿಸಬೇಕು. ಅದೇ ವೇಳೆಗೆ ಅದಿರಿನ ಸುತ್ತ ಆಮ್ಲಜನಕ ಕಡಿಮೆಯಿರಬೇಕು. ಆಗ ಇದ್ದಿಲಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ, ಕೆಂಪು ಲೋಹ ಉಳಿಯುತ್ತದೆ. ಗಾಳಿ ಬೇಕು, ಆದರೆ ಹೆಚ್ಚಾಗಬಾರದು. ರಸಾಯನಶಾಸ್ತ್ರದ ಹೆಸರೂ ಇಲ್ಲದ ಕಾಲದಲ್ಲಿ ಈ ಹದವನ್ನು ಕಂಡುಕೊಂಡವರ ಜಾಣತನಕ್ಕೆ ನಾವು ಕೊಡುವ ಮರ್ಯಾದೆ ಸಾಲದು ಎಂದೇ ನನ್ನ ಎಣಿಕೆ.

ತವರಕ್ಕಿಂತ ಮೊದಲು ತಾಮ್ರವನ್ನು ಗಟ್ಟಿ ಮಾಡುತ್ತಿದ್ದದ್ದು ಆರ್ಸೆನಿಕ್, ಅಂದರೆ ಪಾಷಾಣ. ಇರಾನ್, ಅನಾಟೋಲಿಯ, ಕಾಕಸಸ್‌ಗಳ ಅನೇಕ ಅದಿರುಗಳಲ್ಲಿ ಅದು ತಾಮ್ರದ ಜೊತೆಗೇ ಇರುತ್ತದೆ. ಆದರೆ ಕಾಯಿಸುವಾಗ ಎಷ್ಟು ಹೊಗೆಯಾಗಿ ಹೋಯಿತು, ಎಷ್ಟು ಉಳಿಯಿತು ಎಂಬುದು ಕೈಯಲ್ಲಿರಲಿಲ್ಲ, ಆ ಹೊಗೆಯೋ ವಿಷ. ಗ್ರೀಕರ ಕಮ್ಮಾರ ದೇವತೆ ಹೆಫೆಸ್ಟಸ್ ಕುಂಟನಾಗಿರುವುದು ಇದರ ನೆನಪೇ ಎಂದು ಊಹಿಸುವವರಿದ್ದಾರೆ. ಊಹೆ ಸೊಗಸಾಗಿದೆ, ಪುರಾವೆ ಇಲ್ಲ.

ತವರವನ್ನು ತೂಗಿ ಹಾಕಬಹುದು, ಅದರ ತೊಂದರೆ ಬೇರೆ. ತಾಮ್ರ ಹಲವು ಕಡೆ ಸಿಗುತ್ತದೆ, ತವರ ಕೆಲವೇ ಕಡೆ. ಎರಡೂ ಒಟ್ಟಿಗೆ ಸಿಗುವ ಜಾಗಗಳಂತೂ ತೀರಾ ವಿರಳ. ಮೆಸೊಪೊಟೇಮಿಯದ ಮೆಕ್ಕಲು ಬಯಲಿನಲ್ಲಿ ಎರಡೂ ಇಲ್ಲ, ಆದರೂ ಊರ್ ನಗರದ ರಾಜಸಮಾಧಿಗಳಲ್ಲಿ ಕ್ರಿ.ಪೂ. ಮೂರನೆಯ ಸಹಸ್ರಮಾನದ ನಡುಗಾಲದ ತವರ-ಕಂಚು ಸಿಕ್ಕಿದೆ. ತಾಮ್ರ ಮಗನ್, ಎಂದರೆ ಇಂದಿನ ಒಮಾನ್ ಕಡೆಯಿಂದ ಸಮುದ್ರದ ಮೇಲೆ ಬರುತ್ತಿತ್ತು. ತವರದ ದಾರಿ ಪೂರ್ವದ ಬೆಟ್ಟಗುಡ್ಡಗಳತ್ತ ಹೋಗುತ್ತದೆ. ತಾಜಿಕಿಸ್ತಾನದ ಮುಷಿಸ್ತಾನ್‌ನಲ್ಲಿ ಕಂಚಿನ ಯುಗದವರು ಅಗೆದ ತವರದ ಗಣಿಗಳಿವೆ. ನನಗೆ ಕಂಚಿನ ಯುಗವೆಂದರೆ ಮುಖ್ಯವಾಗಿ ಈ ದಾರಿಗಳೇ. ಲೋಹವನ್ನು ಕಾಯಿಸಲು ಒಬ್ಬ ಕಂಚುಗಾರ ಸಾಕು, ಅವನ ಮೂಸೆಗೆ ಎರಡು ಲೋಹ ಬಂದು ಬೀಳಬೇಕಾದರೆ ಸಾಲ, ಸುಂಕ, ಒಪ್ಪಂದ, ಲೆಕ್ಕಪತ್ರ ಎಲ್ಲವೂ ಬೇಕು.

ಆ ಲೆಕ್ಕಪತ್ರವೂ ಉಳಿದಿದೆ. ಟರ್ಕಿಯ ಕುಲ್ತೆಪೆಯಲ್ಲಿ, ಅಂದರೆ ಪ್ರಾಚೀನ ಕಾನೆಶ್‌ನಲ್ಲಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಣ್ಣಿನ ಹಲಗೆಗಳು ದೊರೆತಿವೆ. ಹೆಚ್ಚಿನವು ಕ್ರಿ.ಪೂ. 19ನೆಯ ಶತಮಾನದ ಅಸ್ಸೀರಿಯದ ವರ್ತಕರವು. ಅಸ್ಸೂರ್ ಪಟ್ಟಣದಿಂದ ಕತ್ತೆಗಳ ಮೇಲೆ ತವರ ಮತ್ತು ಬಟ್ಟೆ ಹೇರಿಕೊಂಡು ಸುಮಾರು ಸಾವಿರ ಕಿಲೋಮೀಟರ್ ನಡೆದು ಇಲ್ಲಿ ಮಾರುತ್ತಿದ್ದರು. ತವರಕ್ಕೆ ಕೊಂಡ ಬೆಲೆಯ ಸುಮಾರು ಎರಡರಷ್ಟು ಬೆಳ್ಳಿ ಸಿಗುತ್ತಿತ್ತು. ಸುಂಕ ತಪ್ಪಿಸಲು ಕಳ್ಳದಾರಿ ಹಿಡಿಯುವ ಮಾತೂ ಆ ಪತ್ರಗಳಲ್ಲಿದೆ.

ಸಮುದ್ರದ ಸಾಕ್ಷಿ ಟರ್ಕಿಯ ತೆಂಕಣ ಕರಾವಳಿಯ ಉಲುಬುರುನ್ ಎಂಬಲ್ಲಿ ಸಿಕ್ಕಿತು. 1982ರಲ್ಲಿ ಸ್ಪಂಜು ತೆಗೆಯಲು ಮುಳುಗಿದವನೊಬ್ಬ ‘ಕಿವಿಗಳಿರುವ ಲೋಹದ ಬಿಸ್ಕತ್ತು’ಗಳನ್ನು ಕಂಡೆ ಎಂದ. ಅವು ಹರವಿಟ್ಟ ಎತ್ತಿನ ಚರ್ಮದ ಆಕಾರದ ತಾಮ್ರದ ಗಟ್ಟಿಗಳು, ನಾಲ್ಕು ಮೂಲೆಗಳನ್ನೂ ಹಿಡಿದು ಎತ್ತಲು ಬರುವಂತೆ ಹೊಯ್ದವು. ಕ್ರಿ.ಪೂ. 14ನೆಯ ಶತಮಾನದ ಕೊನೆಯ ಹೊತ್ತಿಗೆ ಮುಳುಗಿದ ಆ ಹಡಗಿನಲ್ಲಿ ಸುಮಾರು ಹತ್ತು ಟನ್ ತಾಮ್ರ, ಒಂದು ಟನ್ ತವರ ಇತ್ತು. ತಾಮ್ರ ಸೈಪ್ರಸ್‌ನದು. ಎರಡರ ಪ್ರಮಾಣ ಹತ್ತಕ್ಕೆ ಒಂದು, ಹೆಚ್ಚುಕಡಿಮೆ ಕಂಚಿನ ಪಾಕವೇ.

ಕ್ರಿ.ಪೂ. 1200ರ ಸುಮಾರಿಗೆ ಪೂರ್ವ ಮೆಡಿಟರೇನಿಯನ್ನಿನ ಅರಮನೆಗಳೂ ರಾಜ್ಯಗಳೂ ಒಂದರ ಬೆನ್ನಿಗೆ ಒಂದರಂತೆ ಕುಸಿದವು. ಆಮೇಲಿನ ಶತಮಾನಗಳಲ್ಲಿ ಕಬ್ಬಿಣ ಮೇಲುಗೈ ಪಡೆಯಿತು. ಕಬ್ಬಿಣ ಮೇಲು ಲೋಹವಾದ್ದರಿಂದ ಗೆದ್ದಿತು ಎಂಬ ಪಠ್ಯಪುಸ್ತಕದ ಮಾತನ್ನು ಪೂರ್ತಿ ನಂಬಬೇಕಿಲ್ಲ. ಇಂಗಾಲ ಹತ್ತದ ಮೆದು ಕಬ್ಬಿಣ ಒಳ್ಳೆಯ ಕಂಚಿನಷ್ಟೂ ಗಟ್ಟಿಯಲ್ಲ. 1538 ಡಿಗ್ರಿಯಲ್ಲಿ ಕರಗುವ ಅದನ್ನು ಆ ಕಾಲದ ಪಶ್ಚಿಮ ಏಷ್ಯಾದ ಕುಲುಮೆಗಳು ಕರಗಿಸಲಾರದೆ, ಕಿಟ್ಟ ತುಂಬಿದ ಮುದ್ದೆಯನ್ನು ಬಡಿದು ಬಡಿದು ಶುದ್ಧ ಮಾಡಬೇಕಿತ್ತು. ಆದರೆ ಕಬ್ಬಿಣದ ಅದಿರು ಬಹುತೇಕ ಎಲ್ಲ ಕಡೆ ಇದೆ, ಅದಕ್ಕಾಗಿ ದೂರದ ತವರದವನ ದಾರಿ ಕಾಯಬೇಕಿಲ್ಲ.

ದಕ್ಷಿಣ ಭಾರತದಲ್ಲಿ ‘ಕಂಚಿನ ಯುಗ’ ಎಂಬ ಹೆಸರು ಹೊಂದದಿರುವುದು ಇಲ್ಲೇ. ಸಿಂಧೂ ಕಣಿವೆಯ ನಗರಗಳಲ್ಲಿ ಕಂಚಿತ್ತು. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಂಥ ನವಶಿಲಾಯುಗದ ನೆಲೆಗಳಲ್ಲಿ ತಾಮ್ರದ ವಸ್ತುಗಳು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕಿವೆ, ದಿನದ ಕೆಲಸವೆಲ್ಲ ಕಲ್ಲಿನ ಕೊಡಲಿಯದೇ. ಅದರ ಮುಂದಿನ ಹಂತದಲ್ಲಿ ಬರುವುದು ನೇರವಾಗಿ ಕಬ್ಬಿಣ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅದು ಕ್ರಿ.ಪೂ. 1000ದ ಆಸುಪಾಸಿನಲ್ಲೇ ಕಾಣಿಸುತ್ತದೆ. ಹಾಗಾಗಿ ಕರ್ನಾಟಕದ ಪ್ರಾಗಿತಿಹಾಸ ಬರೆಯುವವರು ಥಾಮ್ಸನ್ನನ ನಡುವಿನ ಕಪಾಟನ್ನು ಬಿಟ್ಟು, ನವಶಿಲಾಯುಗದಿಂದ ಬೃಹತ್ ಶಿಲಾ ಸಮಾಧಿಗಳ ಕಬ್ಬಿಣ ಯುಗಕ್ಕೆ ಸಾಗುತ್ತಾರೆ.