ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್: ಕ್ಲಾಸಿನಲ್ಲಿ ಕೂತು ಕಲಿಯುವ ವಿದ್ಯೆಯಾ?

ಪ್ರಶ್ನೆ: ನನ್ನ ಡಿಗ್ರಿ ಮುಗಿಯುತ್ತಾ ಬಂತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಆದರೆ ಕೆಲಸದಲ್ಲಿ ಇರುವವರೆಲ್ಲ "ಅದನ್ನೇನು ಓದೋದು, ಕೆಲಸಕ್ಕೆ ಸೇರಿದರೆ ತಾನಾಗೇ ಬರುತ್ತೆ" ಅನ್ನುತ್ತಾರೆ. ಓದೋದು ದಂಡವಾ?

ದಂಡ ಅಲ್ಲ. ಆದರೆ ಡಿಗ್ರಿ ಮುಗಿದ ಮಾರನೇ ದಿನವೇ ಸೇರಬೇಕಾದ ಕೋರ್ಸೂ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

"ತಾನಾಗೇ ಬರುತ್ತೆ" ಅನ್ನುವ ಮಾತು ಅರ್ಧ ನಿಜ. ಜನರ ಜೊತೆ ಏಗುವುದು ಕೆಲಸ ಮಾಡ್ತಾ ಮಾಡ್ತಾ ಬರುತ್ತದೆ. ಯಾವ ಕೆಲಸ ಯಾವಾಗ, ಎಷ್ಟು ದಿನ ಅನ್ನುವ ಲೆಕ್ಕ ಹಾಗೆ ಬರುವುದಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವರೂ ಈ ಲೆಕ್ಕದಲ್ಲಿ ಎಡವುತ್ತಾರೆ.

ಒಂದು ಖಾಲಿ ಕೋಣೆಯನ್ನು ಕಂಪ್ಯೂಟರ್ ಲ್ಯಾಬ್ ಮಾಡಬೇಕು ಅಂದುಕೊಳ್ಳಿ. ವೈರಿಂಗ್‌ಗೆ 4 ದಿನ. ಅದಾದ ಮೇಲೆ ಗೋಡೆಗೆ ಬಣ್ಣ, 3 ದಿನ. ಮೇಜುಗಳಿಗೆ ಇವತ್ತೇ ಆರ್ಡರ್ ಕೊಟ್ಟರೂ ಬರಲು 10 ದಿನ. ಎಲ್ಲ ಆದ ಮೇಲೆ ಕಂಪ್ಯೂಟರ್ ಜೋಡಿಸಲು 2 ದಿನ. ಸುಮ್ನೆ ಕೂಡಿದರೆ 19. ಆದರೆ ಮೇಜು ಬರುವಷ್ಟರಲ್ಲಿ ವೈರಿಂಗ್, ಬಣ್ಣ ಎರಡೂ ಮುಗಿದಿರುತ್ತವೆ. ಹಾಗಾಗಿ ಇದು 12 ದಿನದ ಕೆಲಸ. ವೈರಿಂಗ್‌ನವರು ಎರಡು ದಿನ ತಡ ಮಾಡಿದರೂ ಏನೂ ಆಗುವುದಿಲ್ಲ, ಆ ಕಡೆ ಮೂರು ದಿನದ ಸಡಿಲ ಇದೆ. ಮೇಜು ಒಂದೇ ಒಂದು ದಿನ ತಡವಾದರೆ ಇಡೀ ಲ್ಯಾಬ್ ಒಂದು ದಿನ ತಡ. ಆರ್ಡರ್‌ನಿಂದ ಜೋಡಣೆವರೆಗಿನ ಈ ದಾರಿಗೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ.

ಈಗ ಹೇಳಿ, ನಾವು ದಿನಾ ಯಾರ ತಲೆ ತಿನ್ನುತ್ತೇವೆ? ಕಣ್ಣೆದುರಿಗೆ ಏಣಿ ಹತ್ತಿ ನಿಂತಿರುವ ಬಣ್ಣದವನದ್ದು. ಮೇಜಿನ ಅಂಗಡಿಗೆ ಫೋನ್ ಮಾಡೋದು ಮರೆತೇ ಹೋಗಿರುತ್ತದೆ. ಇನ್ನೂ ಒಂದು ಮಜಾ ಇದೆ. ವೈರಿಂಗ್ ಎರಡಲ್ಲ, ನಾಲ್ಕು ದಿನ ತಡವಾಯಿತು ಅನ್ನಿ. ಆಗ ವೈರಿಂಗ್, ಬಣ್ಣ ಸೇರಿ 11 ದಿನ. ಕ್ರಿಟಿಕಲ್ ಪಾತ್ ರಾತ್ರೋರಾತ್ರಿ ಆ ಕಡೆಗೆ ಜಿಗಿದಿರುತ್ತದೆ. ನಿನ್ನೆಯವರೆಗೆ ಬಿಟ್ಟುಬಿಡಬಹುದಾಗಿದ್ದ ಬಣ್ಣದವನ ಹಿಂದೆ ಇವತ್ತು ಬೀಳಲೇಬೇಕು. ನಾಲ್ಕು ಕೆಲಸಕ್ಕೇ ಹೀಗಾದರೆ ನಾನೂರು ಕೆಲಸ ಇದ್ದಾಗ ಬರೀ ಅನುಭವದ ಮೇಲೆ ಇದನ್ನು ಹಿಡಿಯಲು ಆಗಲ್ಲ.

1950ರ ದಶಕದ ಕೊನೆಯಲ್ಲಿ ಅಮೆರಿಕದ ರಾಸಾಯನಿಕ ಕಂಪನಿ ಡುಪಾಂಟ್ ತನ್ನ ಕಾರ್ಖಾನೆಗಳ ಕೆಲಸಕ್ಕಾಗಿ ಕ್ರಿಟಿಕಲ್ ಪಾತ್ ಹುಡುಕುವ ಈ ವಿಧಾನವನ್ನು ರೂಪಿಸಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ ವಿಧಾನ ತಂದಿತು. ಅದರಲ್ಲಿ ಒಂದು ಕೆಲಸಕ್ಕೆ ಮೂರು ಅಂದಾಜು ಕೇಳುತ್ತಾರೆ. ಎಲ್ಲ ಸರಿಹೋದರೆ 2 ದಿನ, ಮಾಮೂಲಾಗಿ 4, ಕೆಟ್ಟರೆ 12. ಮಾಮೂಲಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿ, ಆರರಿಂದ ಭಾಗಿಸಿ: 5 ದಿನ. "ನಾಲ್ಕು ದಿನದಲ್ಲಿ ಕೊಡ್ತೀನಿ" ಅಂತ ಮಾತು ಕೊಟ್ಟು ನಾವು ಯಾಕೆ ಪದೇ ಪದೇ ಸಿಕ್ಕಿಬೀಳುತ್ತೇವೆ ಅನ್ನೋದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಸಿಲಬಸ್‌ನಲ್ಲಿ ಇದರ ಜೊತೆ ರಿಸ್ಕ್, ಗುತ್ತಿಗೆ, ಬಜೆಟ್, ಅಜೈಲ್ (ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ತಿದ್ದಿಕೊಳ್ಳುತ್ತಾ ಹೋಗುವ ರೀತಿ) ಎಲ್ಲ ಇರುತ್ತವೆ. ನನಗೆ ರುಚಿ ಹತ್ತಿಸಿದ್ದು ಹಳೇ ಪ್ರಾಜೆಕ್ಟ್‌ಗಳ ಚರ್ಚೆ. ಸಿಡ್ನಿ ಒಪೆರಾ ಹೌಸನ್ನೇ ನೋಡಿ. ಚಾವಣಿಯನ್ನು ಹೇಗೆ ಕಟ್ಟೋದು ಅಂತ ತೀರ್ಮಾನ ಆಗುವ ಮೊದಲೇ 1959ರಲ್ಲಿ ಕೆಲಸ ಶುರು ಮಾಡಿಬಿಟ್ಟರು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದಿದ್ದು 10 ಕೋಟಿ ದಾಟಿತು. 1963ಕ್ಕೆ ಮುಗಿಯಬೇಕಾಗಿದ್ದು ಉದ್ಘಾಟನೆ ಆಗಿದ್ದು 1973ರಲ್ಲಿ. ಪರೀಕ್ಷೆಯ ಉತ್ತರದಲ್ಲಿ ಇದು ಸೋತ ಪ್ರಾಜೆಕ್ಟ್. ಆದರೆ 2007ರಲ್ಲಿ ಅದೇ ಕಟ್ಟಡ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಾಗಾದರೆ ಗೆದ್ದಿದ್ದು ಅಂದರೆ ಏನು, ಅದನ್ನು ಯಾವ ವರ್ಷ ನಿಂತು ಅಳೆಯಬೇಕು? ಡೆಡ್‌ಲೈನ್ ಕುತ್ತಿಗೆಗೆ ಬಂದಿರುವ ಆಫೀಸಿನಲ್ಲಿ ಇಂಥ ಪ್ರಶ್ನೆ ಕೇಳಲು ಯಾರಿಗೂ ಪುರುಸೊತ್ತು ಇರಲ್ಲ.

ಇನ್ನು ಕ್ಲಾಸಿನಲ್ಲಿ ಬಾರದ್ದು. ನಾನು ಓದುವಾಗ ನಾಲ್ಕು ಜನರ ಗುಂಪು ಪ್ರಾಜೆಕ್ಟ್ ಒಂದಿತ್ತು. ಯಾವ ಕೆಲಸ ಯಾವಾಗ ಶುರು, ಯಾವಾಗ ಮುಗಿಯುತ್ತೆ ಅಂತ ಗೆರೆಗಳಲ್ಲಿ ತೋರಿಸುವ ಬಣ್ಣಬಣ್ಣದ ಗ್ಯಾಂಟ್ ಚಾರ್ಟ್ ಬರೆದವನು ನಾನೇ. ಎರಡನೇ ವಾರದಿಂದ ಅದನ್ನು ಯಾರೂ ತೆರೆದು ನೋಡಲಿಲ್ಲ, ನಾನೂ ನೋಡಲಿಲ್ಲ. ಕೊನೇ ರಾತ್ರಿ ಒಬ್ಬಳೇ ಕೂತು ವರದಿ ಪೂರ್ತಿ ಬರೆದಳು. ಚಾರ್ಟ್‌ಗೆ ಒಳ್ಳೇ ಮಾರ್ಕ್ಸ್ ಬಂತು! "90 ಪರ್ಸೆಂಟ್ ಆಗಿದೆ" ಅಂತ ಮೂರು ವಾರದಿಂದ ಹೇಳುತ್ತಿರುವವರನ್ನು ಮುಖ ಕೆಡಿಸಿಕೊಳ್ಳದೆ ಪ್ರಶ್ನಿಸೋದು ಹೇಗೆ ಅಂತ ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ.

ಅದಕ್ಕೇ ಮೊದಲು ಎರಡು ವರ್ಷ ಯಾವುದಾದರೂ ಕೆಲಸ ಮಾಡಿ ಅನ್ನುತ್ತೇನೆ. ಕಟ್ಟಡವೋ, ಸಾಫ್ಟ್‌ವೇರೋ, ಆಸ್ಪತ್ರೆಯೋ, ನಿಮಗೆ ಬಿಟ್ಟಿದ್ದು. ಇಂಟರ್‌ವ್ಯೂನಲ್ಲಿ "ಯಾವುದರ ಪ್ರಾಜೆಕ್ಟ್ ಗೊತ್ತು?" ಅಂತ ಕೇಳಿದಾಗ ಬಾಯಿ ಕಟ್ಟಬಾರದು ನೋಡಿ. ಪಿಎಂಪಿ ಅನ್ನುವ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಸರ್ಟಿಫಿಕೇಟಿಗೂ ಡಿಗ್ರಿ ಇದ್ದವರು 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ತೋರಿಸಬೇಕು. ಅದನ್ನು ಕೊಡುವ ಪಿಎಂಐ ಸಂಸ್ಥೆಯ ಮಾನ್ಯತೆ ಇರುವ ಕೋರ್ಸ್ ಓದಿದ್ದರೆ 24 ತಿಂಗಳು ಸಾಕು. ಕಾಲೇಜು ಆರಿಸುವಾಗ ಈ ಮಾನ್ಯತೆ ಇದೆಯಾ ಅಂತ ಕೇಳಿ. ಕೊನೇ ವರ್ಷದ ಪ್ರಾಜೆಕ್ಟ್‌ಗೆ ಹೊರಗಿನ ನಿಜವಾದ ಗಿರಾಕಿ ಇರುತ್ತಾರಾ ಅಂತಲೂ ಕೇಳಿ. ಕಾಯಲು ಆಗದವರಿಗೆ ಅದೇ ಸಂಸ್ಥೆಯ, ಅನುಭವ ಕೇಳದ ಸಿಎಪಿಎಂ ಅನ್ನುವ ಆರಂಭದ ಹಂತದ ಪರೀಕ್ಷೆ ಇದೆ.

ಆ ಎರಡು ವರ್ಷ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಕೆಲಸಕ್ಕೂ ಎಷ್ಟು ದಿನ ಅಂದುಕೊಂಡಿದ್ದಿರಿ, ಎಷ್ಟು ಹಿಡಿಯಿತು, ಎರಡೇ ಕಾಲಂ. ಕ್ಲಾಸಿನಲ್ಲಿ ಆ ಮೂರು ಅಂದಾಜಿನ ಸೂತ್ರ ಬಂದ ದಿನ ನಿಮ್ಮದೇ ಅಂಕಿ ಹಾಕಿ ನೋಡಬಹುದು.